ದಿನಾ 40 ನಿಮಿಷ ನೀರು ಬಿಟ್ಟರೂ ಲಾನ್ ಹಳದಿ. ಏನು ಮಾಡಲಿ?

ಬೋಗಾದಿಮನೆ | ಏಪ್ರಿಲ್ 6, ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ಮೈಸೂರಿನ ಬೋಗಾದಿ ಕಡೆ ಮನೆ ಕಟ್ಟಿ ಎರಡು ವರ್ಷ ಆಯಿತು. 40x60 ಸೈಟು. ಮುಂದುಗಡೆ 20 ಅಡಿಗೆ 25 ಅಡಿ ಲಾನ್. ಮನೆ ಕೆಲಸ ಮುಗಿದ ಮೇಲೆ ಗಾರ್ಡನ್‌ನವರು ಬಂದು, ಚಾಪೆಯ ಹಾಗೆ ಸುತ್ತಿ ತಂದಿದ್ದ ಹುಲ್ಲನ್ನು ಒಂದೇ ದಿನದಲ್ಲಿ ಹಾಸಿ ಹೋದರು. ಮೆಕ್ಸಿಕನ್ ಹುಲ್ಲು ಅಂದರು. ಗೃಹಪ್ರವೇಶದ ಫೋಟೋದಲ್ಲಿ ತುಂಬಾ ಚೆನ್ನಾಗಿ ಬಂದಿದೆ.

ಈ ಬೇಸಿಗೆಯಲ್ಲಿ ಮಾತ್ರ ಅದು ನಮ್ಮನ್ನು ಅಲ್ಲಾಡಿಸಿಬಿಟ್ಟಿದೆ. ಬೋರ್ ನೀರು ಕಮ್ಮಿಯಾಗಿದೆ. ನಲ್ಲಿ ನೀರು ದಿನ ಬಿಟ್ಟು ದಿನ. ವಾರಕ್ಕೊಂದು ಟ್ಯಾಂಕರ್ ತರಿಸುತ್ತಿದ್ದೇವೆ. ಪೈಪ್ ಹಿಡಿದು ದಿನಾ 40 ನಿಮಿಷ ನಿಂತರೂ ಅಲ್ಲಲ್ಲಿ ಹಳದಿ, ಕೆಲವು ಕಡೆ ಒಣಗಿದ ಬ್ರಷ್ ತರ. ನೀರೂ ಉಳಿಯಬೇಕು, ಹುಲ್ಲೂ ಉಳಿಯಬೇಕು. ದಾರಿ ಗೊತ್ತಿದ್ದವರು ಹೇಳಿ.

ಒಂದು ವಿನಂತಿ. ಅಮ್ಮನಿಗೆ ಬೆಳಿಗ್ಗೆ ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯುವ ಅಭ್ಯಾಸ. ಹಾಗಾಗಿ "ಕಿತ್ತು ಹಾಕಿ" ಅಂತ ಮಾತ್ರ ಹೇಳಬೇಡಿ.

ಸೀದಾಮಾತು | ಏಪ್ರಿಲ್ 6, ಬೆಳಿಗ್ಗೆ 8:14

ಕಿತ್ತು ಹಾಕಿ.

ಕಾಗದದಹೂ | ಏಪ್ರಿಲ್ 6, ಬೆಳಿಗ್ಗೆ 9:30

ಮೇಲಿನವರನ್ನು ಕ್ಷಮಿಸಿ ಸರ್, ಅವರು ಎಲ್ಲದಕ್ಕೂ ಹೀಗೇ.

ಮೊದಲು ಒಂದು ಲೆಕ್ಕ ಬೇಕು. 40 ನಿಮಿಷ ಅಂದರೆ ಎಷ್ಟು ಲೀಟರ್? ನಿಮ್ಮ ಪೈಪ್‌ಗೆ ಎಷ್ಟು ರಭಸ ಇದೆ ಅಂತ ನಮಗೆ ಗೊತ್ತಿಲ್ಲ, ನಿಮಗೂ ಗೊತ್ತಿರುವುದಿಲ್ಲ. ಸ್ನಾನದ ಬಕೆಟ್ ತಗೊಳ್ಳಿ, ಮೊಬೈಲ್‌ನಲ್ಲಿ ಸಮಯ ನೋಡಿಕೊಂಡು ತುಂಬಿಸಿ. ಮೀಟರ್ ಇದ್ದರೆ ಇನ್ನೂ ಸುಲಭ: ನೀರು ಬಿಡುವ ಮುಂಚೆ ಒಂದು ಫೋಟೋ, ಆದ ಮೇಲೆ ಒಂದು ಫೋಟೋ. ಮೀಟರ್‌ನಲ್ಲಿ ಕಪ್ಪು ಅಂಕಿ ಅಂದರೆ ಸಾವಿರ ಲೀಟರ್‌ನ ಲೆಕ್ಕ, ಕೆಂಪು ಅದಕ್ಕಿಂತ ಕಮ್ಮಿಯದು.

ನಮ್ಮನೆಯಲ್ಲಿ ಹೀಗೆ ಅಳೆದಾಗಲೇ ಸಂಪಿನ ಫ್ಲೋಟ್ ವಾಲ್ವ್ ಸೋರುತ್ತಿರುವುದು ಗೊತ್ತಾಗಿದ್ದು. ಅದು ಬೇರೆ ಕಥೆ.

ಬೋಗಾದಿಮನೆ | ಏಪ್ರಿಲ್ 7, ಬೆಳಿಗ್ಗೆ 7:25

ಅಳೆದೆ ಮೇಡಂ. 15 ಲೀಟರ್ ಬಕೆಟ್ 55 ಸೆಕೆಂಡಿಗೆ ತುಂಬಿತು. ಅಂದರೆ ನಿಮಿಷಕ್ಕೆ 16 ಲೀಟರ್ ಚಿಲ್ಲರೆ. 40 ನಿಮಿಷಕ್ಕೆ ಸುಮಾರು 650 ಲೀಟರ್! ನಾನು 200 ಇರಬಹುದು ಅಂದುಕೊಂಡಿದ್ದೆ. ಮನೆಯವಳಿಗೆ ಹೇಳಿಲ್ಲ ಇನ್ನೂ.

ವಿಸಿಫಾರಂಹುಡುಗ | ಏಪ್ರಿಲ್ 7, ಬೆಳಿಗ್ಗೆ 10:02

ಮಂಡ್ಯದಲ್ಲಿ ಕೃಷಿ ಓದುತ್ತಿದ್ದೇನೆ, ಲೆಕ್ಕ ನನಗೆ ಬಿಡಿ.

500 ಚದರ ಅಡಿ ಅಂದರೆ 46 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಹುಲ್ಲು ದಿನಕ್ಕೆ ಸುಮಾರು 5 ಮಿ.ಮೀ. ಕುಡಿಯುತ್ತದೆ ಅಂತ ಇಟ್ಟುಕೊಳ್ಳಿ. 46 x 5 = 230 ಲೀಟರ್. ನೀವು ಬಿಡುತ್ತಿರುವುದು 650, ಅಂದರೆ ದಿನಾ 14 ಮಿ.ಮೀ. ಮಳೆ ಸುರಿಸಿದ ಹಾಗೆ. ಊರಿನ ನೀರು ಸರಬರಾಜಿಗೆ ತಲೆಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಿಡಿಯುತ್ತಾರೆ. ನಿಮ್ಮ ಲಾನ್ ಹೆಚ್ಚುಕಮ್ಮಿ ಐದು ಜನರ ಸಂಸಾರ.

ಹುಲ್ಲಿಗೆ ಬೇಕಾಗಿದ್ದಕ್ಕಿಂತ ಮೂರು ಪಟ್ಟು ಹತ್ತಿರ ನೀರು ಕೊಟ್ಟರೂ ಒಣಗುತ್ತಿದೆ. ಹಾಗಾದರೆ ಆ ನೀರು ಎಲ್ಲಿಗೆ ಹೋಗುತ್ತಿದೆ?

ಗದ್ದೆಬದು | ಏಪ್ರಿಲ್ 7, ರಾತ್ರಿ 9:15

ಸ್ವಾಮಿ, ನಮ್ಮದು ಮಂಡ್ಯ ತಾಲ್ಲೂಕು, ವಿ.ಸಿ. ನಾಲೆ ಬಯಲು. ಲಾನ್ ನೋಡಿದ್ದು ಕಲ್ಯಾಣ ಮಂಟಪದಲ್ಲಿ ಮಾತ್ರ. ಆದರೂ ನೀರಿನ ವಿಷಯ ಅಂದ್ರೆ ಸುಮ್ನೆ ಇರೋಕಾಗಲ್ಲ.

ದಿನಾ ನೀರು ಕೊಟ್ಟು ಗಿಡವನ್ನು ಸೋಮಾರಿ ಮಾಡಿದ್ದೀರಿ. ಮೇಲೆ ನೀರು ಸಿಗುವಾಗ ಬೇರು ಕೆಳಗೆ ಯಾಕೆ ಇಳಿಯುತ್ತದೆ? ನಮಗೆ ನಾಲೆ ನೀರು ಬರುವುದು ಕಟ್ಟು ಪದ್ಧತಿಯಲ್ಲಿ. ಇಷ್ಟು ದಿನ ಬಿಡುತ್ತಾರೆ, ಇಷ್ಟು ದಿನ ನಿಲ್ಲಿಸುತ್ತಾರೆ. ಬಿಟ್ಟಾಗ ಭೂಮಿ ಚೆನ್ನಾಗಿ ಕುಡಿಯಬೇಕು, ನಿಂತಾಗ ಆ ತೇವದಲ್ಲೇ ಬೆಳೆ ನಿಭಾಯಿಸಬೇಕು. ಕೆಆರ್‌ಎಸ್ 124.80 ಅಡಿ ತುಂಬಿದ ವರ್ಷವೂ ಇದೇ, ತುಂಬದ ವರ್ಷ ಇದಕ್ಕೂ ಗತಿಯಿಲ್ಲ. 2023ರಲ್ಲಿ ಅದನ್ನೂ ನೋಡಿದ್ದೇವೆ.

ನಿಮ್ಮ ಲಾನ್‌ಗೂ ಕಟ್ಟು ಹಾಕಿ. ಮೂರು ದಿನಕ್ಕೊಂದು ಸಲ, ಬೆಳಿಗ್ಗೆ ಏಳರೊಳಗೆ. ಬಿಟ್ಟ ದಿನ ಚೆನ್ನಾಗಿ ಬಿಡಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಾವು ಬದುವಿನ ಮೇಲೆ ಕಳೆ ಅಂತ ಶಾಪ ಹಾಕಿ ಕೀಳುವ ಗರಿಕೆಗೇ ಪೇಟೆಯಲ್ಲಿ ಬರ್ಮುಡಾ ಹುಲ್ಲು ಅಂತ ಹೆಸರಂತೆ. ದುಡ್ಡು ಕೊಟ್ಟು ತರುತ್ತಾರಂತೆ. ನನಗೆ ಹೇಳಿದ್ದರೆ ಒಂದು ಮೂಟೆ ಬಿಟ್ಟಿಯಾಗಿ ಬಸ್ಸಿಗೆ ಹಾಕುತ್ತಿದ್ದೆ.

ಸರಸ್ವತಿಪುರದಜ್ಜಿ | ಏಪ್ರಿಲ್ 8, ಬೆಳಿಗ್ಗೆ 6:05

ನಮ್ಮ ಕಾಲದಲ್ಲಿ ಲಾನ್ ಅಂದರೆ ಅರಮನೆ, ಇಲ್ಲದಿದ್ದರೆ ಬೃಂದಾವನ. ಬೃಂದಾವನ ಅಣೆಕಟ್ಟೆಯ ಬುಡದಲ್ಲಿದೆಯಪ್ಪಾ, ನಿನ್ನ ಮನೆ ಟ್ಯಾಂಕರ್ ಬುಡದಲ್ಲಿದೆ.

ಮನೆ ಹಿಂದೆ ಹಿತ್ತಲು ಇತ್ತು. ಬಚ್ಚಲ ನೀರು ಬಾಳೆಗೆ, ಪಾತ್ರೆ ತೊಳೆದ ನೀರು ಕೆಸುವಿಗೆ, ಅಕ್ಕಚ್ಚು ದಾಸವಾಳಕ್ಕೆ. ಆಗ ಪಾತ್ರೆಗೆ ಸೋಪಿಲ್ಲ, ಬರೀ ಬೂದಿ. ಗಿಡಕ್ಕೆ ಅಂತ ಬೇರೆ ನೀರು ಸೇದಿದ ನೆನಪೇ ನನಗಿಲ್ಲ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಸಿಂಕಿಗೆ ಸುರಿಯಬೇಡಿ. ಒಂದು ಬಕೆಟ್ ಪಕ್ಕದಲ್ಲಿಡಿ, ಸಂಜೆಯೊಳಗೆ ತುಂಬುತ್ತದೆ.

ಹೊಸಮನೆಮಂಡ್ಯ | ಏಪ್ರಿಲ್ 8, ಬೆಳಿಗ್ಗೆ 11:40

ನಾವು ವಾಷಿಂಗ್ ಮಷೀನ್ ನೀರನ್ನೇ ಲಾನ್‌ಗೆ ಬಿಡುತ್ತೇವೆ. ಒಂದು ಹನಿ ವೇಸ್ಟ್ ಇಲ್ಲ. ಆರ್‌ಓ ಹೊರಗೆ ಬಿಡುವ ನೀರೂ ಅಲ್ಲಿಗೇ.

ವಿಸಿಫಾರಂಹುಡುಗ | ಏಪ್ರಿಲ್ 8, ಮಧ್ಯಾಹ್ನ 1:20

ಅಣ್ಣ, ಅದು ಪೂರ್ತಿ ಸರಿಯಲ್ಲ. ಬಟ್ಟೆ ಪುಡಿಯಲ್ಲಿ ಸೋಡಿಯಂ ಇರುತ್ತದೆ. ತಿಂಗಳಾನುಗಟ್ಟಲೆ ಒಂದೇ ಜಾಗಕ್ಕೆ ಬಿಟ್ಟರೆ ಮಣ್ಣಿನ ಕಣಗಳು ಬಿಡಿಸಿಕೊಂಡು, ಮೇಲೆ ಹಪ್ಪಳದ ಹಾಗೆ ಪದರ ಕಟ್ಟುತ್ತದೆ. ಆಮೇಲೆ ಒಳ್ಳೆಯ ನೀರೂ ಇಳಿಯುವುದಿಲ್ಲ. ಸೋಪಿನ ಮೊದಲ ನೀರನ್ನು ಮೋರಿಗೆ ಬಿಡಿ, ಕೊನೆಯ ಸಲ ಜಾಲಿಸಿದ ನೀರನ್ನು ಬಾಳೆ, ಕಾಬಾಳೆಗೆ ಕೊಡಿ. ಅದನ್ನೂ ಅವತ್ತೇ ಖಾಲಿ ಮಾಡಿ, ಮಾರನೇ ದಿನಕ್ಕೆ ಇಟ್ಟರೆ ವಾಸನೆ ಬರುತ್ತದೆ. ತಿನ್ನುವ ಸೊಪ್ಪಿಗಂತೂ ಬೇಡ.

ಆರ್‌ಓ ನೀರು ಉಪ್ಪು ಜಾಸ್ತಿ ಇರುವ ನೀರು. ನೆಲ ಒರೆಸಿ, ಟಾಯ್ಲೆಟ್‌ಗೆ ಬಳಸಿ. ಕುಂಡದ ಗಿಡಕ್ಕೆ ದಿನಾ ಹಾಕಿದರೆ ಎಲೆಯ ಅಂಚು ಸುಟ್ಟ ಹಾಗಾಗುತ್ತದೆ.

ಹೊಸಮನೆಮಂಡ್ಯ | ಏಪ್ರಿಲ್ 8, ಮಧ್ಯಾಹ್ನ 1:31

ಎರಡು ವರ್ಷದಿಂದ ಹಾಕುತ್ತಿದ್ದೇನೆ, ನನ್ನ ಲಾನ್ ಏನೂ ಆಗಿಲ್ಲ. ಪುಸ್ತಕ ಓದಿ ಹೇಳುವುದು ಸುಲಭ.

ಕಾಗದದಹೂ | ಏಪ್ರಿಲ್ 8, ಮಧ್ಯಾಹ್ನ 2:05

ನಿಮ್ಮದು ಮಂಡ್ಯ, ಆಗಾಗ ಜೋರು ಮಳೆ ಬಂದು ತೊಳೆದಿರಬಹುದು. ಮಳೆ ಕೈಕೊಟ್ಟ ವರ್ಷ ನೋಡಿ. ಅದು ಇರಲಿ, ಬೋಗಾದಿ ಸರ್ ಪ್ರಶ್ನೆಗೆ ಬರೋಣವಾ?

ಬೋಗಾದಿಮನೆ | ಏಪ್ರಿಲ್ 17, ಸಂಜೆ 6:50

ಗದ್ದೆಬದು ಅವರೇ, ನಿಮ್ಮ ಮಾತು ಕೇಳಿ ಕೆಟ್ಟೆ. ಹತ್ತು ದಿನದಿಂದ ಮೂರು ದಿನಕ್ಕೊಂದು ಸಲ ಅದೇ 40 ನಿಮಿಷ ಬಿಡುತ್ತಿದ್ದೇನೆ. ಮಾರನೇ ದಿನ ಹಸಿರು, ಅದರ ಮಾರನೇ ದಿನ ಬಾಡುತ್ತದೆ, ಮೂರನೇ ದಿನ ಹೊತ್ತಿಗೆ ಕಾಲಿಟ್ಟರೆ ಚರಚರ ಅನ್ನುತ್ತದೆ. ಅಮ್ಮ ಈಗ ಟೆರೇಸ್ ಮೇಲೆ ನಡೆಯುತ್ತಿದ್ದಾರೆ. ನೀರು ಬಿಟ್ಟ ಕಾಲು ಗಂಟೆಗೆಲ್ಲ ಗೇಟಿನ ಕೆಳಗಿಂದ ರಸ್ತೆಗೆ ಹರಿಯಲು ಶುರು.

ಗದ್ದೆಬದು | ಏಪ್ರಿಲ್ 17, ರಾತ್ರಿ 8:30

ರಸ್ತೆಗೆ ಹರಿಯುತ್ತಿದೆ ಅಂದರೆ ಭೂಮಿ ಕುಡಿಯುತ್ತಿಲ್ಲ. ಕೆಂಪು ಮಣ್ಣು ಅಷ್ಟು ಬೇಗ ಬೇಡ ಅನ್ನಲ್ಲ ಸ್ವಾಮಿ. ಅಡಿಯಲ್ಲಿ ಏನೋ ಇದೆ. ಅಗೆದು ನೋಡಿ.

ಕಾಗದದಹೂ | ಏಪ್ರಿಲ್ 17, ರಾತ್ರಿ 8:52

ಅಗೆಯುವ ಮುಂಚೆ ಒಂದು ಉದ್ದದ ಸ್ಕ್ರೂಡ್ರೈವರ್ ತಗೊಳ್ಳಿ. ನೀರು ಬಿಟ್ಟು ಒಂದು ಗಂಟೆ ಆದ ಮೇಲೆ ಹುಲ್ಲಿನ ನಡುವೆ ಚುಚ್ಚಿ. ಒಳ್ಳೆಯ ಮಣ್ಣಾದರೆ ಹಿಡಿಯವರೆಗೂ ಇಳಿಯುತ್ತದೆ.

ಬೋಗಾದಿಮನೆ | ಏಪ್ರಿಲ್ 19, ಬೆಳಿಗ್ಗೆ 9:45

ಚುಚ್ಚಿದೆ. ಎರಡು ಇಂಚು ಬೆಣ್ಣೆಯ ಹಾಗೆ ಇಳಿಯಿತು. ಆಮೇಲೆ ಟಣ್ ಅಂತು. ಒಂದಡಿ ಪಕ್ಕದಲ್ಲಿ ಚುಚ್ಚಿದೆ, ಅಲ್ಲೂ ಟಣ್. ಹನ್ನೆರಡು ಕಡೆ ಚುಚ್ಚಿದೆ, ಒಂಬತ್ತು ಕಡೆ ಟಣ್.

ಸಿಟ್ಟು ಬಂದು ಒಂದು ಮೂಲೆಯಲ್ಲಿ ಹುಲ್ಲಿನ ಚಾಪೆ ಎತ್ತಿದೆ. ಮೇಲೆ ಎರಡು ಇಂಚು ಕೆಂಪು ಮಣ್ಣು. ಅದರ ಕೆಳಗೆ ನನ್ನದೇ ಮನೆ! ಇಟ್ಟಿಗೆ ಚೂರು, ಬಾತ್‌ರೂಮ್ ಟೈಲ್ಸ್ ಚೂರು, ಜಲ್ಲಿ, ಒಂದು ಮುರಿದ ಕರಣೆ, ಕಾಂಕ್ರೀಟ್ ಕಲಸಿದ ಕಡೆ ಸಿಮೆಂಟ್ ಹಾಲು ಇಳಿದು ಗಟ್ಟಿಯಾದ ಹಲ್ಲೆ. ಅದನ್ನು ಎತ್ತಿದರೆ ಕೆಳಗಿನ ಮಣ್ಣು ಧೂಳು, ಒಂದು ತೊಟ್ಟು ತೇವ ಇಲ್ಲ. ಎರಡು ವರ್ಷ ದಿನಾ 650 ಲೀಟರ್ ಸುರಿದಿದ್ದೇನೆ ಅದರ ಮೇಲೆ.

ಹುಲ್ಲಿನ ಬೇರು ಹಲ್ಲೆಯ ಮೇಲೆ ಅಡ್ಡಡ್ಡ ಹರಡಿತ್ತು, ಸೇಮಿಗೆಯ ಹಾಗೆ.

ವಿಸಿಫಾರಂಹುಡುಗ | ಏಪ್ರಿಲ್ 19, ಬೆಳಿಗ್ಗೆ 10:30

ಈಗ ಲೆಕ್ಕ ಕೂತಿತು ಸರ್. ನಮ್ಮ ಕಡೆಯ ಮರಳು ಮಿಶ್ರಿತ ಕೆಂಪು ಮಣ್ಣು ಒಂದು ಮೀಟರ್ ಆಳಕ್ಕೆ ಗಿಡಕ್ಕೆ ದಕ್ಕುವ ನೀರನ್ನು ಸುಮಾರು 100 ಮಿ.ಮೀ. ಹಿಡಿದಿಡುತ್ತದೆ. ಎರಡು ಇಂಚು ಅಂದರೆ 5 ಸೆಂ.ಮೀ. ಅದು ಹಿಡಿಯುವುದು ಬರೀ 5 ಮಿ.ಮೀ. ಅಂದರೆ ಒಂದೇ ದಿನದ ಊಟ. ನೀವು 14 ಮಿ.ಮೀ. ಬಿಟ್ಟರೆ 9 ಮಿ.ಮೀ. ರಸ್ತೆಗೆ. ಮೂರು ದಿನಕ್ಕೊಮ್ಮೆ ಬಿಟ್ಟರೆ ಎರಡು ದಿನ ಉಪವಾಸ.

ಹಾಗಾಗಿ ಗದ್ದೆಬದು ಅವರ ಕಟ್ಟು ಪದ್ಧತಿ ತಪ್ಪಲ್ಲ. ಕಟ್ಟು ಹಾಕಲು ಮಣ್ಣು ಬೇಕು, ನಿಮ್ಮ ಹತ್ತಿರ ಮಣ್ಣೇ ಇಲ್ಲ. ಆರು ಇಂಚು ಒಳ್ಳೆಯ ಮಣ್ಣಿದ್ದರೆ 15 ಮಿ.ಮೀ. ಹಿಡಿಯುತ್ತದೆ, ಮೂರು ದಿನ ಆರಾಮ. ಗೊಬ್ಬರ ಸೇರಿಸಿದರೆ ಇನ್ನೂ ಸ್ವಲ್ಪ ಜಾಸ್ತಿ.

ಗದ್ದೆಬದು | ಏಪ್ರಿಲ್ 19, ಬೆಳಿಗ್ಗೆ 10:44

ಹುಡುಗ ನನ್ನ ಮಾನ ಉಳಿಸಿದ.

ಸೀದಾಮಾತು | ಏಪ್ರಿಲ್ 19, ಬೆಳಿಗ್ಗೆ 11:00

ಪ್ಲಾಸ್ಟಿಕ್ ಹುಲ್ಲು ಹಾಕಿಸಿ. ನೀರೂ ಬೇಡ, ಮಣ್ಣೂ ಬೇಡ.

ಸರಸ್ವತಿಪುರದಜ್ಜಿ | ಏಪ್ರಿಲ್ 19, ಸಂಜೆ 5:15

ನಮ್ಮ ಬೀದಿಯಲ್ಲಿ ಒಬ್ಬರು ಹಾಕಿಸಿದ್ದಾರೆ. ಹನ್ನೊಂದು ಗಂಟೆಗೆ ಕಾಲಿಟ್ಟರೆ ದೋಸೆ ಕಾವಲಿ. ಮೊಮ್ಮಗು ಆಡಬೇಕು ಅಂತ ಅದನ್ನು ತಣ್ಣಗೆ ಮಾಡಲು ನೀರು ಹಾಕುತ್ತಾರೆ! ಅದರ ಅಡಿಯ ಎರೆಹುಳು ಪಾಡು ದೇವರೇ ಬಲ್ಲ.

ಪೈಪ್‌ಲೈನ್ | ಏಪ್ರಿಲ್ 20, ಬೆಳಿಗ್ಗೆ 7:00

ಪ್ಲಂಬಿಂಗ್ ಕೆಲಸ ಮಾಡುತ್ತೇನೆ. ನಿಮ್ಮ ಮನೆ ತಾರಸಿ ಸಾವಿರ ಚದರ ಅಡಿ ಇರಬಹುದಾ? 93 ಚದರ ಮೀಟರ್ ಆಯಿತು. 20 ಮಿ.ಮೀ. ಮಳೆ ಒಂದು ಸಲ ಬಿದ್ದರೆ 1,800 ಲೀಟರ್ ಮೇಲೆ ಬರುತ್ತದೆ. ಮೈಸೂರಿಗೆ ವರ್ಷಕ್ಕೆ ಸುಮಾರು 750 ರಿಂದ 800 ಮಿ.ಮೀ. ಮಳೆ. ಸೋರಿದ್ದು, ಆವಿಯಾದದ್ದು ಕಳೆದರೂ 50 ಸಾವಿರ ಲೀಟರ್‌ಗೆ ಮೋಸವಿಲ್ಲ.

ಆದರೆ ತುಂಬಾ ಜನ 200 ಲೀಟರ್ ನೀಲಿ ಡ್ರಮ್ ಒಂದು ಇಟ್ಟು ಮಳೆಕೊಯ್ಲು ಆಯಿತು ಅಂದುಕೊಳ್ಳುತ್ತಾರೆ. ಅದು ಎರಡು ಚಿಲ್ಲರೆ ಮಿ.ಮೀ. ಮಳೆಗೇ ತುಂಬಿ ಉಕ್ಕುತ್ತದೆ. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲು ಒಂದು ವಾಲ್ವ್, ಆಮೇಲೆ ಒಂದು ಫಿಲ್ಟರ್, ಅಲ್ಲಿಂದ ನೇರ ಸಂಪಿಗೆ. ಸಂಪು ತುಂಬಿದ ಮೇಲೆ ಉಳಿದದ್ದು ಇಂಗು ಗುಂಡಿಗೆ. ರಸ್ತೆಗೆ ಬಿಡಬೇಡಿ.

ಕಾಗದದಹೂ | ಏಪ್ರಿಲ್ 20, ಬೆಳಿಗ್ಗೆ 8:15

ಪೂರ್ತಿ 500 ಅಡಿ ಲಾನ್ ಬೇಕೇಬೇಕಾ ಸರ್? ಅಮ್ಮ ನಡೆಯುವುದು ಎಷ್ಟು ಜಾಗದಲ್ಲಿ? ಒಂದು ವಾರ ನೋಡಿ. ನಮ್ಮನೆಯಲ್ಲಿ ಯಾರೂ ಕಾಲಿಡದ ಕಾಂಪೌಂಡ್ ಪಕ್ಕದ ಜಾಗಕ್ಕೇ ಜಾಸ್ತಿ ನೀರು ಹೋಗುತ್ತಿತ್ತು, ಗೋಡೆಯ ಬಿಸಿಗೆ ಅಲ್ಲೇ ಬೇಗ ಒಣಗುವುದು. ಅಲ್ಲಿನ ಹುಲ್ಲು ತೆಗೆದು ನಂದಿಬಟ್ಟಲು, ಕಣಗಿಲೆ, ಗೋರಂಟೆ, ನಿತ್ಯಪುಷ್ಪ ಹಾಕಿದೆ. ಗೇಟ್ ಮೇಲೆ ಕಾಗದದ ಹೂ. ಅದಕ್ಕೆ ನೀರು ಕಮ್ಮಿಯಾದಷ್ಟೂ ಹೂ ಜಾಸ್ತಿ.

ಆದರೆ ನಾಟಿ ಮಾಡಿದ ಮೊದಲ ವರ್ಷ ಇವಕ್ಕೂ ನೀರು ಬೇಕು. ನರ್ಸರಿಯಲ್ಲಿ "ನೀರೇ ಬೇಡ ಮೇಡಂ" ಅನ್ನುತ್ತಾರೆ, ನಂಬಬೇಡಿ. ನನ್ನ ಮೂರು ಗಿಡ ಹಾಗೇ ಹೋದವು. ಬುಡಕ್ಕೆ ಮೂರು ಇಂಚು ಒಣ ಎಲೆ ಹಾಸಿ, ಕಾಂಡಕ್ಕೆ ತಾಗದ ಹಾಗೆ. ಎಲೆ ಸುಡುವವರನ್ನು ಕಂಡರೆ ನನಗೆ ಈಗ ಮೈ ಉರಿಯುತ್ತದೆ.

ಗದ್ದೆಬದು | ಏಪ್ರಿಲ್ 20, ರಾತ್ರಿ 9:00

ಎಲೆ ಸಾಲದಿದ್ದರೆ ಕಬ್ಬಿನ ತರಗು ಇದೆ, ಬಂದು ತುಂಬಿಕೊಂಡು ಹೋಗಿ. ಹುಲ್ಲು ಹಾಕುವುದಾದರೆ ಈಗ ಬೇಡ. ಭರಣಿ ಮಳೆ ಬರಲಿ. ಮೊದಲು ಮಣ್ಣು ತಯಾರು ಮಾಡಿ ಇಟ್ಟುಕೊಳ್ಳಿ.

ಬೋಗಾದಿಮನೆ | ಮೇ 14, ಬೆಳಿಗ್ಗೆ 7:30

ವರದಿ ಒಪ್ಪಿಸುತ್ತಿದ್ದೇನೆ. ಅಮ್ಮ ನಡೆಯುವುದು ಮನೆ ಪಕ್ಕದ ಉದ್ದದ ಪಟ್ಟಿಯಲ್ಲಿ ಮಾತ್ರ. ಆ ಕಡೆ 250 ಅಡಿ ಲಾನ್ ಇಟ್ಟುಕೊಂಡೆ, ಉಳಿದದ್ದು ಗಿಡಗಳಿಗೆ. ಇಬ್ಬರು ಕೂಲಿಯವರು ನಾಲ್ಕು ದಿನ ಅಗೆದರು. ಡೆಬ್ರಿಸ್ ಒಂದು ಟ್ರ್ಯಾಕ್ಟರ್ ತುಂಬಿ ಹೋಯಿತು. ಎರಡು ಟ್ರ್ಯಾಕ್ಟರ್ ಕೆಂಪು ಮಣ್ಣು ಬಂತು. ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ ಆರು ಇಂಚು ಹದ ಮಾಡಿದೆವು. ಖರ್ಚು ಕೇಳಬೇಡಿ, ಆದರೆ ಎರಡು ಬೇಸಿಗೆಯ ಟ್ಯಾಂಕರ್ ಬಿಲ್ಲಿಗಿಂತ ಕಮ್ಮಿ.

ಗದ್ದೆಬದು ಅಣ್ಣ ಹೇಳಿದ ಮಾತಿಗೆ ತಪ್ಪಲಿಲ್ಲ. ಎರಡು ಗೋಣಿಚೀಲ ಗರಿಕೆ ಬಸ್ಸಿನಲ್ಲಿ ಬಂತು, ಕಂಡಕ್ಟರ್ "ಹಸುಗೆ ಮೇವಾ ಸರ್?" ಅಂದ. ಬೇರಿನ ತುಂಡುಗಳನ್ನು ನಾಲ್ಕು ಬೆರಳು ಅಂತರದಲ್ಲಿ ನೆಟ್ಟಿದ್ದೇವೆ. ಮೊನ್ನೆ ರಾತ್ರಿ ಗುಡುಗಿ ಮಳೆ ಹೊಡೆಯಿತು. ಬೆಳಿಗ್ಗೆ ಓಡಿ ಹೋಗಿ ಗೇಟಿನ ಕೆಳಗೆ ನೋಡಿದೆ. ರಸ್ತೆಗೆ ನೀರು ಹರಿದ ಗುರುತೇ ಇಲ್ಲ.

ವಿಸಿಫಾರಂಹುಡುಗ | ಮೇ 14, ಬೆಳಿಗ್ಗೆ 9:10

ಸೂಪರ್ ಸರ್. ಗರಿಕೆಗೆ ಬಿಸಿಲು ಬೇಕು, ನೆರಳಲ್ಲಿ ಬರುವುದಿಲ್ಲ, ನೆನಪಿರಲಿ. ಬೇಸಿಗೆಯಲ್ಲಿ ನುಣ್ಣಗೆ ಕತ್ತರಿಸಬೇಡಿ, ಎರಡು ಇಂಚು ಬಿಡಿ. ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕತ್ತರಿಸಬಾರದು. ಕತ್ತರಿಸಿದ ಹುಲ್ಲು ಅಲ್ಲೇ ಬಿದ್ದಿರಲಿ.

ಬೋಗಾದಿಮನೆ | ಮಾರ್ಚ್ 22, ಬೆಳಿಗ್ಗೆ 7:05

ಹತ್ತು ತಿಂಗಳಾಯಿತು. ಈ ಬೇಸಿಗೆಯ ಲೆಕ್ಕ ಕೊಡುತ್ತೇನೆ ಅಂದಿದ್ದೆ.

ಲಾನ್‌ಗೆ ಮೂರು ದಿನಕ್ಕೊಮ್ಮೆ 345 ಲೀಟರ್. ಒಂದೇ ಸಲ ಬಿಡುವುದಿಲ್ಲ. 11 ನಿಮಿಷ ಬಿಟ್ಟು, ಕಾಫಿ ಕುಡಿದು ಪೇಪರ್ ಓದಿ, ಅರ್ಧ ಗಂಟೆ ಆದ ಮೇಲೆ ಇನ್ನೊಂದು 11 ನಿಮಿಷ. ಮೊದಲನೆಯದು ಇಂಗಿದ ಮೇಲೆ ಎರಡನೆಯದು ಚೆನ್ನಾಗಿ ಇಳಿಯುತ್ತದೆ. ಗಿಡಗಳಿಗೆ ಪೈಪ್‌ಲೈನ್ ಅವರು ಹೇಳಿಕೊಟ್ಟ ಹಾಗೆ ಡ್ರಿಪ್: 14 ಗಿಡ, ಗಿಡಕ್ಕೆರಡು ಡ್ರಿಪ್ಪರ್, ಗಂಟೆಗೆ 2 ಲೀಟರ್‌ನವು, ದಿನ ಬಿಟ್ಟು ದಿನ ಒಂದು ಗಂಟೆ. ಎಲ್ಲ ಸೇರಿ ದಿನಕ್ಕೆ 145 ಲೀಟರ್ ಆಸುಪಾಸು. ಆ 650 ಎಲ್ಲಿ, ಇದೆಲ್ಲಿ. ಟ್ಯಾಂಕರ್ ಇನ್ನೂ ಬಂದಿಲ್ಲ. ಏಪ್ರಿಲ್ ಕೊನೆಗೆ ಒಂದು ಬೇಕಾಗಬಹುದು, ಈಗಲೇ ಜಂಬ ಕೊಚ್ಚುವುದಿಲ್ಲ. ಡ್ರಿಪ್ ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ತೊಳೆಯಲೇಬೇಕು, ಒಂದು ಸಲ ಮರೆತು ಎರಡು ಕನಕಾಂಬರ ಕಳೆದುಕೊಂಡೆ.

ಗರಿಕೆ ಮೆಕ್ಸಿಕನ್‌ನಷ್ಟು ಮೆತ್ತಗಿಲ್ಲ, ನಿಜ ಹೇಳಬೇಕಲ್ವಾ. ಬಣ್ಣವೂ ಸ್ವಲ್ಪ ಮಂಕು. ಅಮ್ಮ ಮಾತ್ರ ಇದೇ ವಾಸಿ ಅನ್ನುತ್ತಾರೆ, ಪಾದಕ್ಕೆ ಹುಲ್ಲು ಅಂತ ಗೊತ್ತಾಗುತ್ತದಂತೆ. ಗೌರಿ ಗಣೇಶ ಹಬ್ಬದಲ್ಲಿ ಬೀದಿಯವರೆಲ್ಲ ನಮ್ಮ ಲಾನ್‌ಗೇ ಬಂದು ಗರಿಕೆ ಕಿತ್ತುಕೊಂಡು ಹೋದರು. ಆ ವಾರ ಕತ್ತರಿಸುವ ಕೆಲಸವೇ ಉಳಿಯಿತು.

ಒಂದು ಹೊಸ ತಲೆನೋವು. ಆ ಕೆಂಪು ಮಣ್ಣಿನ ಜೊತೆ ಜೇಕು ಬಂದಿದೆ. ಮೇಲೆ ಕಿತ್ತರೆ ವಾರಕ್ಕೆ ಮತ್ತೆ ಹಾಜರ್.

ಗದ್ದೆಬದು | ಮಾರ್ಚ್ 22, ರಾತ್ರಿ 8:40

ಮೇಲೆ ಕಿತ್ತರೆ ಹೋಗಲ್ಲ ಅದು. ಅಡಿಯಲ್ಲಿ ಕಡಲೆಕಾಳಿನಷ್ಟು ಗಡ್ಡೆ ಇರುತ್ತದೆ, ಗಡ್ಡೆಯಿಂದ ದಾರದ ಹಾಗೆ ಇನ್ನೊಂದು ಗಡ್ಡೆಗೆ ಹೋಗಿರುತ್ತದೆ. ನೀರು ಬಿಟ್ಟ ಮಾರನೇ ದಿನ, ಮಣ್ಣು ಸಡಿಲ ಇದ್ದಾಗ, ಆ ಸ್ಕ್ರೂಡ್ರೈವರ್ ಇದೆಯಲ್ಲ, ಅದನ್ನೇ ಬುಡಕ್ಕೆ ಚುಚ್ಚಿ ಮೀಟಿ ಎತ್ತಿ. ಗಡ್ಡೆ ಕೈಗೆ ಬಂದರೆ ಮಾತ್ರ ಲೆಕ್ಕ.